ಕರ್ನಾಟಕದ ನಗರಗಳು: ಬೆಳವಣಿಗೆ, ನೀರು ಮತ್ತು ಪೌರಾಡಳಿತ

ಭಾರತವು ಹಳ್ಳಿಗಳ ದೇಶವೆಂಬುದು ರೂಢಿಯ ಮಾತು. ಆದರೆ ಕರ್ನಾಟಕದ ಮಟ್ಟಿಗೆ ಈ ಚಿತ್ರವು ಕ್ರಮೇಣ ಬದಲಾಗುತ್ತಿದೆ. 2001ರ ಜನಗಣತಿಯ ಪ್ರಕಾರ ರಾಜ್ಯದ ಪ್ರತಿ ನೂರು ಜನರಲ್ಲಿ 34 ಮಂದಿ ನಗರವಾಸಿಗಳಾಗಿದ್ದರು. 2011ರ ವೇಳೆಗೆ ಈ ಪ್ರಮಾಣವು ಸುಮಾರು 39ಕ್ಕೆ ಏರಿತು. ಆಗಿನ ಒಟ್ಟು 6.11 ಕೋಟಿ ಜನಸಂಖ್ಯೆಯಲ್ಲಿ 2.36 ಕೋಟಿ ಜನರು ನಗರ ಪಟ್ಟಣಗಳಲ್ಲಿ ನೆಲೆಸಿದ್ದರು. ಇವರಲ್ಲಿ ಸುಮಾರು 85 ಲಕ್ಷ ಮಂದಿ ಬೆಂಗಳೂರು ಒಂದರಲ್ಲೇ ಇದ್ದರು. ಅದರ ನಂತರದ ಸ್ಥಾನದಲ್ಲಿದ್ದ ಮೈಸೂರು ಮತ್ತು ಹುಬ್ಬಳ್ಳಿ-ಧಾರವಾಡಗಳ ಜನಸಂಖ್ಯೆಯು ಹತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ರಾಜ್ಯದ ನಗರಾಭಿವೃದ್ಧಿಯ ಮುಖ್ಯ ಸಮಸ್ಯೆಯು ಈ ಅಸಮತೋಲನದಲ್ಲಿಯೇ ಅಡಗಿದೆ.

ಹಲವು ಆಡಳಿತಗಳ ಪರಂಪರೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕನ್ನಡ ನಾಡಿನ ನಗರಗಳು ಬೇರೆ ಬೇರೆ ರಾಜಧಾನಿಗಳತ್ತ ಮುಖಮಾಡಿದ್ದವು. ಬೆಳಗಾವಿ, ಧಾರವಾಡ, ವಿಜಯಪುರಗಳ ವ್ಯವಹಾರವು ಮುಂಬಯಿಯೊಡನೆ ನಡೆಯುತ್ತಿತ್ತು. ಕಲಬುರಗಿ, ರಾಯಚೂರು, ಬೀದರಗಳು ಹೈದರಾಬಾದಿನ ಆಡಳಿತಕ್ಕೆ ಒಳಪಟ್ಟಿದ್ದವು. ಮಂಗಳೂರಿನವರು ಸರ್ಕಾರಿ ಕೆಲಸಕ್ಕಾಗಿ ಮದರಾಸಿಗೆ ಹೋಗಬೇಕಾಗಿತ್ತು. ಈ ಮಹಾನಗರಗಳಲ್ಲಿ ಇಂದಿಗೂ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರಿರುವುದಕ್ಕೆ ಈ ಹಳೆಯ ಸಂಬಂಧವೂ ಒಂದು ಕಾರಣವಾಗಿದೆ. ಏಕೀಕರಣದ ನಂತರ 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೂ 1964ರಲ್ಲಿ ಪುರಸಭೆಗಳ ಅಧಿನಿಯಮವೂ ರಚಿತವಾಗಿ, ರಾಜ್ಯಕ್ಕೆಲ್ಲ ಏಕರೂಪದ ವ್ಯವಸ್ಥೆಯು ಒದಗಿತು. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಅವಳಿ ನಗರಗಳಿಗೆ ಒಂದೇ ಮಹಾನಗರಪಾಲಿಕೆಯು ಸ್ಥಾಪಿತವಾಯಿತು.

ಹಳೆಯ ಮೈಸೂರು ಸಂಸ್ಥಾನದಲ್ಲಿ ನಗರ ಯೋಜನೆಯು ಇದಕ್ಕೂ ಮೊದಲೇ ಆರಂಭವಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಹಾಮಾರಿಯು ಬಂದೆರಗಿದಾಗ, ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಪೇಟೆಗಳು ರೋಗಕ್ಕೆ ಆಶ್ರಯವಾಗುತ್ತವೆಂಬುದು ಮನವರಿಕೆಯಾಯಿತು. ನೇರವಾದ ರಸ್ತೆಗಳು, ಚರಂಡಿ ಹಾಗೂ ತೆರೆದ ಜಾಗಗಳನ್ನುಳ್ಳ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಆ ಕಾಲದಲ್ಲಿ ರೂಪುಗೊಂಡವು. 1903ರಲ್ಲಿ ಮೈಸೂರು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯು ಸ್ಥಾಪನೆಗೊಂಡಿತು. ಇದು ದೇಶದ ಇಂತಹ ಮೊದಮೊದಲ ಸಂಸ್ಥೆಗಳಲ್ಲಿ ಒಂದು. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದನೆಯಾರಂಭವಾಗಿ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪಗಳು ಬಂದವು.

ನೀರೇ ನಗರದ ಜೀವಾಳ

ನಗರವೊಂದರ ಬೆಳವಣಿಗೆಯ ಮಿತಿಯನ್ನು ಗೊತ್ತುಪಡಿಸುವುದು ಅದಕ್ಕೆ ದೊರೆಯುವ ನೀರು. ಹಿಂದಿನವರು ಈ ಸತ್ಯವನ್ನು ಚೆನ್ನಾಗಿ ಅರಿತಿದ್ದರು. ಬೀದರದಲ್ಲಿ ಸುರಂಗ ಕಾಲುವೆಗಳ ಮೂಲಕ ಅಂತರ್ಜಲವನ್ನು ಊರಿಗೆ ಹರಿಸಲಾಗಿತ್ತು. ವಿಜಯಪುರದಲ್ಲಿ ಆದಿಲಶಾಹಿ ಅರಸರು ಬೇಗಂ ತಲಾಬಿನಂತಹ ಕೆರೆಗಳಿಂದ ಮಣ್ಣಿನ ಕೊಳವೆಗಳಲ್ಲಿ ನೀರನ್ನು ತಂದು, ಅಲ್ಲಲ್ಲಿ ಗೋಪುರಗಳನ್ನು ಕಟ್ಟಿ ಅದರ ಒತ್ತಡವನ್ನು ನಿಯಂತ್ರಿಸಿದ್ದರು.

ಬೆಂಗಳೂರಿನ ಪರಿಸ್ಥಿತಿಯು ಇನ್ನೂ ಕಠಿಣವಾದುದು. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದ ದಿಬ್ಬದ ಮೇಲಿರುವ ಈ ನಗರದ ಮಗ್ಗುಲಲ್ಲಿ ದೊಡ್ಡ ನದಿಯಿಲ್ಲ. ಆದುದರಿಂದಲೇ ಇಳಿಜಾರಿನುದ್ದಕ್ಕೂ ಕೆರೆಗಳನ್ನು ಕಟ್ಟಿ, ಒಂದು ತುಂಬಿ ಹರಿದ ನೀರು ಕಾಲುವೆಯ ಮೂಲಕ ಮತ್ತೊಂದನ್ನು ಸೇರುವಂತೆ ಏರ್ಪಾಟು ಮಾಡಲಾಗಿತ್ತು. ನಗರವು ಹಬ್ಬಿದಂತೆಲ್ಲ ಈ ಸರಪಣಿಯ ಕೊಂಡಿಗಳು ಕಳಚಿದವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಮಳೆಗಾಲದಲ್ಲಿ ತಗ್ಗು ಪ್ರದೇಶಗಳು ಜಲಾವೃತವಾಗುವುದಕ್ಕೂ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತುವುದಕ್ಕೂ ಒಂದೇ ಮೂಲವಿದೆ. ನೀರು ನಿಂತು ಇಂಗುವ ಸ್ಥಳವು ಕಡಿಮೆಯಾದಾಗ, ಅದು ಒಮ್ಮೆ ನೆರೆಯಾಗಿಯೂ ಮತ್ತೊಮ್ಮೆ ಬರವಾಗಿಯೂ ಕಾಡುತ್ತದೆ.

ಕೆರೆಗಳು ಸಾಲದಾದಾಗ ನಗರವು ದೂರದ ಜಲಮೂಲಗಳನ್ನು ಆಶ್ರಯಿಸಿತು. 1896ರಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರು ಬಂದಿತು. 1974ರಲ್ಲಿ ಕಾವೇರಿ ಯೋಜನೆಯ ಮೊದಲನೆಯ ಹಂತವು ಪೂರ್ಣಗೊಂಡಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತದ ಸಾಮರ್ಥ್ಯವು ದಿನಕ್ಕೆ 77.5 ಕೋಟಿ ಲೀಟರುಗಳಾಗಿರುತ್ತದೆ. ಈ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪುಗಳ ಮೂಲಕ ಏರಿಸಬೇಕಾಗುತ್ತದೆ. ಹೀಗಾಗಿ ನಲ್ಲಿಯಿಂದ ವ್ಯರ್ಥವಾಗಿ ಹರಿದ ಪ್ರತಿಯೊಂದು ಕೊಡ ನೀರಿನೊಡನೆ ವಿದ್ಯುಚ್ಛಕ್ತಿಯೂ ವ್ಯರ್ಥವಾಗುತ್ತದೆ. ನದಿಯ ನೀರಿಗೂ ಮಿತಿಯುಂಟು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾವೇರಿ ವಿವಾದದ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ನೀಡಿದ 14.75 ಟಿ.ಎಂ.ಸಿ. ನೀರಿನಲ್ಲಿ 4.75 ಟಿ.ಎಂ.ಸಿ.ಯು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯಕ್ಕಾಗಿತ್ತು. 2023ರಲ್ಲಿ ಮಳೆ ಕೈಕೊಟ್ಟ ಬಳಿಕ 2024ರ ಬೇಸಿಗೆಯಲ್ಲಿ, ಕೊಳವೆ ನೀರಿನ ಜಾಲವು ತಲುಪದೆ ಕೊಳವೆ ಬಾವಿಗಳನ್ನೇ ನೆಚ್ಚಿದ್ದ ಹೊರವಲಯದ ಬಡಾವಣೆಗಳು ಹೆಚ್ಚಿನ ಬವಣೆಪಟ್ಟವು.

ಭರವಸೆಯ ಪ್ರಯೋಗಗಳು

ಪರಿಹಾರದ ಮಾರ್ಗಗಳನ್ನು ರಾಜ್ಯದ ನಗರಗಳೇ ತೋರಿಸಿಕೊಟ್ಟಿವೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಗಳ ಆಯ್ದ ಬಡಾವಣೆಗಳಲ್ಲಿ 2008ರ ವೇಳೆಗೆ ದಿನದ 24 ಗಂಟೆಯೂ ನೀರು ಪೂರೈಸುವ ವ್ಯವಸ್ಥೆಯು ಜಾರಿಗೆ ಬಂದಿತು. ಹಳೆಯ ಕೊಳವೆಗಳನ್ನು ಬದಲಿಸಿ, ಮನೆಮನೆಗೂ ಮಾಪಕಗಳನ್ನು ಅಳವಡಿಸಿದುದು ಇದರ ಮುಖ್ಯಾಂಶ. ಕೊಳವೆಗಳಲ್ಲಿ ಸದಾ ಒತ್ತಡವಿದ್ದರೆ ಹೊರಗಿನ ಕೊಳಚೆಯು ಒಳಸೇರುವುದಿಲ್ಲ. ನೀರು ಯಾವಾಗಲೂ ದೊರೆಯುವುದೆಂಬ ವಿಶ್ವಾಸವಿದ್ದರೆ, ಮನೆಗಳಲ್ಲಿ ಕೂಡಿಟ್ಟು ಮರುದಿನ ಚೆಲ್ಲುವ ಅಭ್ಯಾಸವೂ ತಪ್ಪುತ್ತದೆ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ತ್ಯಾಜ್ಯ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಇಂತಹ ಯೋಜನೆಯ ಸಾಫಲ್ಯವು ಸಂಸ್ಕರಣೆಯ ಗುಣಮಟ್ಟವನ್ನು ಅವಲಂಬಿಸಿರುತ್ತದೆ.

ಪೌರಾಡಳಿತದ ಹೊಣೆ

ಯೋಜನೆಗಳು ಎಷ್ಟೇ ಉತ್ತಮವಾಗಿದ್ದರೂ ಅವುಗಳನ್ನು ನಿರ್ವಹಿಸುವ ಸಂಸ್ಥೆಗಳು ದುರ್ಬಲವಾಗಿದ್ದರೆ ಪ್ರಯೋಜನವಾಗದು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಗಳ ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನಮಾನವನ್ನು ನೀಡಿತು. ನಗರ ಯೋಜನೆ, ನೀರು ಸರಬರಾಜು, ಕೊಳಚೆ ಪ್ರದೇಶಗಳ ಸುಧಾರಣೆ ಸೇರಿದಂತೆ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿಮಾಡಲಾಗಿದೆ. ಸದಸ್ಯ ಸ್ಥಾನಗಳಲ್ಲಿ ಮೂರನೆಯ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂಬುದು ಅದರ ಆಶಯ. ಆದರೂ ಬೆಂಗಳೂರಿನ ಮಹಾನಗರಪಾಲಿಕೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿದ ನಂತರ ಚುನಾವಣೆಯು ವರ್ಷಗಟ್ಟಲೆ ನಡೆಯಲಿಲ್ಲ. ಮುಂದೆ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವು ಅಸ್ತಿತ್ವಕ್ಕೆ ಬಂದು, ನಗರವನ್ನು ಐದು ಪಾಲಿಕೆಗಳನ್ನಾಗಿ ವಿಂಗಡಿಸಲಾಯಿತು. ಗಡಿಗಳನ್ನು ಹೇಗೆ ಎಳೆದರೂ, ಚರಂಡಿ ಕಟ್ಟಿಕೊಂಡಾಗ ನಾಗರಿಕನು ಯಾರನ್ನು ಪ್ರಶ್ನಿಸಬೇಕೆಂಬುದು ಸ್ಪಷ್ಟವಾಗಿರಬೇಕು.

ಉದ್ಯೋಗ, ಉನ್ನತ ಶಿಕ್ಷಣ ಹಾಗೂ ಆರೋಗ್ಯ ಸೇವೆಗಳು ಕಲಬುರಗಿ, ದಾವಣಗೆರೆ, ಶಿವಮೊಗ್ಗದಂತಹ ಊರುಗಳಲ್ಲಿಯೇ ದೊರೆಯುವಂತಾದರೆ ರಾಜಧಾನಿಯ ಮೇಲಿನ ಭಾರವು ಇಳಿಯುತ್ತದೆ. ಆದರೆ ಆ ಊರುಗಳು ಬೆಳೆಯುವ ಮೊದಲೇ ಅಲ್ಲಿನ ಕೆರೆ, ಕಾಲುವೆ ಮತ್ತು ತೆರೆದ ಜಾಗಗಳನ್ನು ಗುರುತಿಸಿ ಉಳಿಸಿಕೊಳ್ಳಬೇಕು. ಬೆಂಗಳೂರು ಕಳೆದುಕೊಂಡುದನ್ನು ಮರಳಿ ಪಡೆಯುವುದು ಕಷ್ಟಸಾಧ್ಯ. ಉಳಿದ ನಗರಗಳಿಗೆ ಅದನ್ನು ಕಳೆದುಕೊಳ್ಳದಿರುವ ಅವಕಾಶವು ಇನ್ನೂ ಇದೆ.