ಪಟ್ಟಿ ಬಿಗಿಯಬೇಕಾ, ಬೇಡ್ವಾ? ಸೇನೆಯ ತರಬೇತಿಯಿಂದ ಹಳ್ಳಿ ಆಸ್ಪತ್ರೆ ಕಲಿಯಬೇಕಾದ್ದು

ಯುದ್ಧಭೂಮಿಗೆ ಹೊರಡುವ ಸೇನಾ ವೈದ್ಯಕೀಯ ಸಿಬ್ಬಂದಿಗೆ ಈಗ ಹಲವು ದೇಶಗಳಲ್ಲಿ ‘ಮಿಶ್ರ ತರಬೇತಿ’ ಕೊಡ್ತಾರೆ. ಪಾಠ ಆನ್‌ಲೈನ್‌ನಲ್ಲಿ, ಅಭ್ಯಾಸ ಗೊಂಬೆಯ ಮೇಲೆ, ಕೊನೆಗೆ ಇಡೀ ತಂಡದ ತಾಲೀಮು. ಗಾಯದಿಂದ ರಕ್ತ ಚಿಮ್ಮುವಾಗ ಟೂರ್ನಿಕೆಟ್ ಪಟ್ಟಿ ಬಿಗಿಯಲು ಸಿಗೋದು ಕೆಲವೇ ನಿಮಿಷ. ವಿಡಿಯೊ ನೋಡಿದ ಮಾತ್ರಕ್ಕೆ ಕೈ ಪಳಗೋದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗೆ ಇದೇಕೆ ಬೇಕು? ಇಲ್ಲಿ ಯುದ್ಧವಿಲ್ಲ, ಹಾವಿದೆ. ಮಳೆಗಾಲದಲ್ಲಿ ಹೊಗೆಸೊಪ್ಪಿನ ಹೊಲ, ಭತ್ತದ ಗದ್ದೆ, ಕಾಡಂಚಿನ ಹಾಡಿ ಎಲ್ಲೆಡೆಯೂ ಅಪಾಯ. ಆದರೆ ಸೈನಿಕನ ಜೀವ ಉಳಿಸುವ ಬಿಗಿ ಕಟ್ಟೇ ಹಾವು ಕಚ್ಚಿದಾಗ ಅನಾಹುತ ಮಾಡುತ್ತೆ. ರಕ್ತ ಓಡಾಟ ನಿಂತು ಕೈಕಾಲೇ ಹೋಗಬಹುದು.

ಆಸ್ಪತ್ರೆಯಲ್ಲಿ ಒಣ ಗಾಜಿನ ಕೊಳವೆಗೆ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡ್ತಾರೆ. ಹೆಪ್ಪುಗಟ್ಟದಿದ್ದರೆ ವಿಷನಿರೋಧಕ ಕೊಡಬೇಕು. ನಾಗರಹಾವು ಕಚ್ಚಿದ್ದರೆ ರಕ್ತ ಹೆಪ್ಪುಗಟ್ಟಿದರೂ ರೆಪ್ಪೆ ಜೋತುಬಿದ್ದು ಉಸಿರು ನಿಲ್ಲಬಹುದು. ವಿಷನಿರೋಧಕವೇ ಒಗ್ಗದಿದ್ದರೆ ಅಡ್ರಿನಾಲಿನ್ ಕೈಗೆಟುಕುವಂತಿರಬೇಕು. ಇಷ್ಟನ್ನು ಮೊಬೈಲ್‌ನಲ್ಲಿ ಕಲಿಯಬಹುದು. ಆಂಬು ಬ್ಯಾಗ್ ಒತ್ತಿ ಉಸಿರು ಕೊಡೋದನ್ನು ಮಾತ್ರ ಕೈಯಿಂದಲೇ ಕಲಿಯಬೇಕು.

2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಪ್ರಕರಣಗಳು ಲೆಕ್ಕಕ್ಕೆ ಬರೋದು ಒಳ್ಳೇದೇ. ಲೆಕ್ಕದಿಂದ ಜೀವ ಉಳಿಯೋದಿಲ್ಲ. ಪ್ರತಿ ಮುಂಗಾರಿಗೂ ಮುಂಚೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ದಿನದ ತಾಲೀಮು ಆಗಲಿ. ವೈದ್ಯರಷ್ಟೇ ಅಲ್ಲ, ರಾತ್ರಿ ಪಾಳಿಯ ನರ್ಸ್, ಆಂಬುಲೆನ್ಸ್ ಚಾಲಕರೂ ಅಲ್ಲಿರಲಿ.