ಹಸುಗೂಸಿನ ನೆತ್ತಿ

ಮಲೆನಾಡಿನ ಮನೆಗಳಲ್ಲಿ ಬಾಣಂತನಕ್ಕೆ ಒಂದು ಕ್ರಮವುಂಟು. ಬಚ್ಚಲೊಲೆಯ ನೀರು ಕಾದ ಮೇಲೆ ಮನೆಯ ಹಿರಿಯಳು ಕಾಲು ನೀಡಿ ಕುಳಿತು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು, ಮೊದಲು ನೆತ್ತಿಗೆ ಎಣ್ಣೆಯನ್ನು ಒತ್ತುವಳು. ಆ ಮೆತ್ತನೆಯ ಸ್ಥಳವು ಮೆಲ್ಲನೆ ಮಿಡಿಯುವುದು ಆಕೆಯ ಅಂಗೈಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ನಾವು ಇಂದು ಬರೆಯಹೊರಟಿರುವ ವಿಷಯವು ಆ ನೆತ್ತಿಗೆ ಸಂಬಂಧಪಟ್ಟುದು. ವಿಷಯವು ಅಪ್ರಿಯವಾದುದು ನಿಜ. ಆದರೆ ಅಪ್ರಿಯವೆಂದು ಬಿಟ್ಟರೆ ಹಾನಿಯು ಕೂಸುಗಳಿಗೆ. ಆದುದರಿಂದ ಸಕಲೇಶಪುರ, ಆಲೂರು ತಾಲ್ಲೂಕುಗಳ ವಾಚಕ ಮಹಾಶಯರು, ಅವರಲ್ಲಿಯೂ ಅಧಿಕಾರಿವರ್ಗದವರು, ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇವೆ.

ಮೆದುಳಿನ ಗಡ್ಡೆಯೆಂದರೆ ಅದು ದೊಡ್ಡವರ ರೋಗವೆಂದೇ ಜನರ ನಂಬಿಕೆ. ತೊಟ್ಟಿಲ ಕೂಸಿಗೂ ಅದು ಬರುವುದುಂಟು. ಕೆಲವೊಮ್ಮೆ ಗರ್ಭದಲ್ಲಿರುವಾಗಲೇ ಮೊಳೆತಿದ್ದು, ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಮಾಡುವ ಸ್ಕ್ಯಾನಿಂಗಿನಲ್ಲಿ ಗೋಚರವಾಗುವುದೂ ಉಂಟು. ಇದು ಬಹು ವಿರಳವಾದ ವ್ಯಾಧಿ. ಮಕ್ಕಳ ಮೆದುಳಿನ ಗಡ್ಡೆಗಳನ್ನೆಲ್ಲ ಎಣಿಸಿದರೆ ಹುಟ್ಟಿನೊಡನೆ ಬಂದವು ನೂರಕ್ಕೆ ಒಂದೆರಡು ಮಾತ್ರ. ನವಜಾತ ಶಿಶುಗಳಲ್ಲಿ ಹೆಚ್ಚಾಗಿ ಕಾಣುವುದು ಟೆರಟೋಮವೆಂಬುದು. ಮೆದುಳಿಗೆ ಸೇರದ ಎಲುಬು, ಕೂದಲು ಮೊದಲಾದುವು ಕೂಡ ಅದರೊಳಗೆ ಬೆಳೆದಿರಬಹುದು. ಮೆದುಳಿನ ಕುಹರಗಳಲ್ಲಿ ನೀರನ್ನು ಸ್ರವಿಸುವ ಜಾಲದಲ್ಲಿ ಹುಟ್ಟುವ ಕೋರಾಯ್ಡ್ ಪ್ಲೆಕ್ಸಸ್ ಪ್ಯಾಪಿಲೋಮ, ಗ್ಲಯೋಮ, ಮೆಡುಲ್ಲೊಬ್ಲಾಸ್ಟೋಮ ಮೊದಲಾದುವು ಉಳಿದ ಜಾತಿಗಳು. ಇವುಗಳಲ್ಲಿ ಕೆಲವು ಸೌಮ್ಯವಾದುವು, ಕೆಲವು ಅತಿ ಕ್ರೂರವಾದುವು.

ದೊಡ್ಡವರ ತಲೆಬುರುಡೆಯು ಬಿಗಿಯಾದ ಪೆಟ್ಟಿಗೆ. ಒಳಗೆ ಗಡ್ಡೆ ಬೆಳೆದರೆ ಒತ್ತಡವೇರಿ, ತಲೆನೋವು ಬಂದು, ರೋಗಿಯೇ ಬಾಯಿಬಿಟ್ಟು ಹೇಳುವನು. ಕೂಸಿನ ಬುರುಡೆಯಾದರೋ ಇನ್ನೂ ಬೆಸೆಯದ ಎಲುಬಿನ ಹಲಗೆಗಳಿಂದಾದುದು. ಒಳಗೆ ಬೆಳೆಯುವ ಗಡ್ಡೆಗೆ ಅದು ಸಂಧಿಗಳನ್ನು ಸಡಿಲಿಸಿ ಜಾಗ ಬಿಟ್ಟುಕೊಡುವುದು. ಮಗುವನ್ನು ಕೆಲವು ಕಾಲ ಕಾಪಾಡುವ ಈ ಸಡಿಲತನವೇ ರೋಗವನ್ನು ಬಚ್ಚಿಡುವುದೂ ಹೌದು. ಕೂಸು ಹಾಲು ಕಕ್ಕಿದರೆ ಅಜೀರ್ಣವೆನ್ನುವೆವು. ಅಳು ನಿಲ್ಲದಿದ್ದರೆ ದೃಷ್ಟಿಯಾಯಿತೆನ್ನುವೆವು. ಮಂಕಾದರೆ ಹಲ್ಲು ಬರುವ ಕಾಲವೆನ್ನುವೆವು. ತಲೆ ದೊಡ್ಡದಾದರೆ ಮುಂದೆ ಬುದ್ಧಿವಂತನಾಗುವನೆಂದು ಸಂತೋಷಪಡುವೆವು. ಹೀಗೆ ವಾರಗಳು ಕಳೆದುಹೋಗುವುವು.

ಗುರುತುಗಳು ಕಾಣದಂಥವಲ್ಲ. ಮಗು ಅಳದೆ ನೆಟ್ಟಗೆ ಎತ್ತಿಕೊಂಡಿರುವಾಗಲೂ ನೆತ್ತಿಯು ಉಬ್ಬಿ ಬಿಗಿದಿರುವುದು; ತಲೆಯ ಚರ್ಮದ ಮೇಲೆ ನರಗಳು ಎದ್ದು ತೋರುವುದು; ಕಣ್ಣಾಲಿಗಳು ಕೆಳಕ್ಕಿಳಿದು ಮೇಲುಗಡೆ ಬಿಳಿ ಕಾಣುವುದು; ಮತ್ತೆ ಮತ್ತೆ ವಾಂತಿ; ಸೆಳವು; ನಿಂತಿದ್ದ ಕತ್ತು ಮತ್ತೆ ಬೀಳುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ವೈದ್ಯರ ಬಳಿಗೆ ಹೋಗತಕ್ಕದ್ದು.

ಇವೆಲ್ಲಕ್ಕಿಂತ ಮೊದಲೇ ಎಚ್ಚರಿಸಬಲ್ಲ ಸಾಧನವೊಂದಿದೆ. ಅದು ದರ್ಜಿಯ ಅಂಗಡಿಯಲ್ಲಿರುವಂಥ ಅಳತೆಯ ಟೇಪು. ಹುಬ್ಬಿನ ಮೇಲಿನಿಂದ, ಕಿವಿಗಳ ಮೇಲುಗಡೆಯಾಗಿ, ಹಿಂದಲೆಯ ಉಬ್ಬನ್ನು ಬಳಸಿ ಸುತ್ತಿದರೆ ತಲೆಯ ಸುತ್ತಳತೆ ದೊರೆಯುವುದು. ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಅದು ಸುಮಾರು 34 ಸೆಂಟಿಮೀಟರು. ಮೊದಲ ಮೂರು ತಿಂಗಳು ತಿಂಗಳಿಗೆ 2ರಂತೆಯೂ, ಅನಂತರದ ಮೂರು ತಿಂಗಳು 1ರಂತೆಯೂ, ಕೊನೆಯ ಆರು ತಿಂಗಳು ಅರ್ಧದಂತೆಯೂ ಬೆಳೆದು, ವರ್ಷ ತುಂಬುವಾಗ 46ರ ಹತ್ತಿರ ನಿಲ್ಲುವುದು. ಹೆಣ್ಣುಮಗುವಿಗೆ ತುಸು ಕಡಿಮೆ. ಒಂದು ದಿನದ ಅಳತೆಯಿಂದ ಹೆಚ್ಚೇನೂ ತಿಳಿಯದು; ತಿಂಗಳು ತಿಂಗಳು ಬರೆದಿಟ್ಟ ಅಂಕಿಗಳೇ ಮಾತಾಡುವುವು. ಇಲ್ಲಿ ಒಂದು ಎಚ್ಚರಿಕೆ: ದೊಡ್ಡ ತಲೆಯೆಲ್ಲ ಗಡ್ಡೆಯಲ್ಲ. ತಂದೆಯ ತಲೆಯೇ ದೊಡ್ಡದಿದ್ದರೆ ಮಗುವಿನದೂ ಹಾಗಿರಬಹುದು. ಗಡ್ಡೆಯಿಲ್ಲದೆಯೇ ಮೆದುಳಿನ ನೀರು ತುಂಬಿಕೊಂಡು ತಲೆ ಬೆಳೆಯುವುದೂ ಉಂಟು, ಅದಕ್ಕೂ ಚಿಕಿತ್ಸೆಯಿದೆ. ಟೇಪು ರೋಗವನ್ನು ನಿರ್ಣಯಿಸದು. ವೈದ್ಯರನ್ನು ಕೇಳಬೇಕಾದ ಸಮಯವನ್ನು ಮಾತ್ರ ಹೇಳುವುದು.

ನೆತ್ತಿಯಿಂದ ಇನ್ನೊಂದು ಉಪಕಾರವುಂಟು. ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಅದು ಮುಚ್ಚುವುದು. ಅಲ್ಲಿಯವರೆಗೆ ಅದು ಮೆದುಳಿಗೆ ತೆರೆದ ಕಿಟಕಿ. ಗರ್ಭಿಣಿಯರಿಗೆ ಬಳಸುವಂಥ ಅಲ್ಟ್ರಾಸೌಂಡಿನಿಂದಲೇ ನೆತ್ತಿಯ ಮೂಲಕ ಒಳಗನ್ನು ನೋಡಬಹುದು. ನೋವಿಲ್ಲ, ಅರಿವಳಿಕೆ ಬೇಡ, ಕ್ಷಕಿರಣದ ಸೋಂಕಿಲ್ಲ. ಅಲ್ಲಿ ಅನುಮಾನ ಕಂಡರೆ ಆಮೇಲೆ ಎಂ.ಆರ್.ಐ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಸ್ಕಂದ, ಶಕುನಿ, ರೇವತಿ, ಪೂತನೆ ಮೊದಲಾದ ಒಂಬತ್ತು ಬಾಲಗ್ರಹಗಳನ್ನು ಹೇಳಿದೆ. ಪಾಠಶಾಲೆಯಲ್ಲಿ ಓದಿದ ನಮಗೆ ಆ ಹಿರಿಯರಲ್ಲಿ ಗೌರವವುಂಟು. ಕೂಸಿನ ಸೆಳವನ್ನೂ ಕಣ್ಣಿನ ವಿಕಾರವನ್ನೂ ಅವರು ಕಣ್ಣಿಟ್ಟು ನೋಡಿದ್ದರು. ಬುರುಡೆಯ ಒಳಗನ್ನು ಕಾಣುವ ಸಾಧನ ಮಾತ್ರ ಅವರಿಗಿರಲಿಲ್ಲ. ರೋಗಿಯ ಮೆದುಳನ್ನು ಸಿ.ಟಿ. ಯಂತ್ರವು ಮೊದಲ ಬಾರಿ ಚಿತ್ರಿಸಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಇಂದು ತಾಯತ ಕಟ್ಟುವವರನ್ನು ನಾವು ಹಳಿಯುವುದಿಲ್ಲ. ಕಟ್ಟಿದ ದಿನವೇ ಆಸ್ಪತ್ರೆಗೂ ಹೋಗಲಿ. ಎಳೆಯ ಮೈಗೆ ಬರೆ ಹಾಕುವುದನ್ನು ಮಾತ್ರ ಕ್ಷಮಿಸಲಾರೆವು. ಹಾಗೆಯೇ, ಗ್ರಹಣದಲ್ಲಿ ಹೊರಗೆ ಬಂದಳು, ತಿನ್ನಬಾರದ್ದನ್ನು ತಿಂದಳು ಎಂದು ಬಾಣಂತಿಯನ್ನು ದೂಷಿಸುವುದು ಅನ್ಯಾಯ. ಕೆಲವು ಮಕ್ಕಳಲ್ಲಿ ವಂಶಾನುಗತವಾದ ಜೀನಿನ ದೋಷವಿರುವುದು. ಉಳಿದ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಿರುವ ಜೀವಕೋಶವೊಂದು ದಾರಿ ತಪ್ಪಿದ್ದೇ ಕಾರಣ. ತಾಯಿಯು ಮಾಡಿದ್ದರಿಂದ ಬಂದುದಲ್ಲ, ಆಕೆಯು ತಡೆಯಬಹುದಾಗಿದ್ದುದೂ ಅಲ್ಲ. ಕೂಸಿನ ಸಂಕಟದೊಡನೆ ಈ ಅಪವಾದವನ್ನೂ ಆಕೆಯ ತಲೆಗೆ ಹೊರಿಸುವುದು ಮನುಷ್ಯರ ಕೆಲಸವೇ?

ಚಿಕಿತ್ಸೆಯ ಮಾತನ್ನು ಮರೆಮಾಚದೆ ಹೇಳುವೆವು. ಮೂರು ಕಿಲೋ ತೂಕದ ಕೂಸಿನ ಮೈಯ ರಕ್ತವೆಲ್ಲ ಸೇರಿ ಸುಮಾರು 240 ಮಿಲಿಲೀಟರು, ಒಂದು ದೊಡ್ಡ ಲೋಟದಷ್ಟು. ಶಸ್ತ್ರಕ್ರಿಯೆಯಲ್ಲಿ ಅದರ ಸ್ವಲ್ಪ ನಷ್ಟವೂ ಅಪಾಯ. ಬೆಳೆಯುವ ಮೆದುಳಿಗೆ ಕೇಡಾಗುವುದರಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ವಿಕಿರಣ ಚಿಕಿತ್ಸೆಯನ್ನು ಸಾಧ್ಯವಾದಷ್ಟು ಕೊಡರು. ಔಷಧಿಯಿಂದ ಕಾಲವನ್ನು ತಳ್ಳುವರು. ದೊಡ್ಡ ಟೆರಟೋಮಗಳಲ್ಲಿ ಬಹಳ ಕೂಸುಗಳು ಉಳಿಯವು. ಆದರೆ ಪ್ಯಾಪಿಲೋಮವನ್ನು ಪೂರ್ತಿಯಾಗಿ ತೆಗೆದರೆ ಮಗು ಗುಣಹೊಂದುವುದು. ವಿಶ್ವ ಆರೋಗ್ಯ ಸಂಸ್ಥೆಯು 2021ರ ವರ್ಗೀಕರಣದಲ್ಲಿ ಶಿಶುಗಳ ಒಂದು ಬಗೆಯ ಗ್ಲಯೋಮವನ್ನು ಪ್ರತ್ಯೇಕವಾಗಿ ಗುರುತಿಸಿತು. ಅದರ ಜೀನಿನ ಬದಲಾವಣೆಗೆ ನೇರವಾಗಿ ತಾಗುವ ಔಷಧಿಗಳು ಈಗ ಬಂದಿವೆ. ಭಾರತದಲ್ಲಿ ಮೆದುಳು ಶಸ್ತ್ರವೈದ್ಯದ ಮೊದಲ ವಿಭಾಗ ವೆಲ್ಲೂರಿನಲ್ಲಿ ತೆರೆದದ್ದು 1949ರಲ್ಲಿ. ನಮ್ಮ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿಯೂ, ನಿಮ್ಹಾನ್ಸ್ 1974ರಲ್ಲಿಯೂ ಹುಟ್ಟಿದುವು. ವಿದ್ಯೆಯು ನಾಡಿನಲ್ಲಿಯೇ ಇದೆ. ಕೂಸು ಅಲ್ಲಿಗೆ ಸಕಾಲದಲ್ಲಿ ತಲುಪುವುದೇ ಪ್ರಶ್ನೆ.

ಹೆತ್ತೂರಿನ ಕಡೆಯ ಒಂದು ಕಾಫಿ ತೋಟದ ಲೈನುಮನೆಯಲ್ಲಿ ಇಂಥ ಕೂಸು ಇದೆಯೆಂದು ಭಾವಿಸಿರಿ. ತಾಯಿತಂದೆಗಳಿಬ್ಬರೂ ದಿನಗೂಲಿಯವರು, ಒಂದು ದಿನ ಹೋದರೆ ಇಬ್ಬರ ಸಂಬಳವೂ ಹೋಯಿತು. ಕತ್ತಲಾದ ಮೇಲೆ ಕಾಡಾನೆಯ ಭಯದಿಂದ ಹೊರಡುವಂತಿಲ್ಲ. ಸಕಲೇಶಪುರಕ್ಕೆ ಬಂದು ಕ್ರಾಫರ್ಡ್ ಆಸ್ಪತ್ರೆಯಲ್ಲಿ ತೋರಿಸಿ, 40 ಕಿಲೋಮೀಟರು ದೂರದ ಹಾಸನಕ್ಕೆ, ಅಲ್ಲಿಂದ ಇನ್ನೂ 180ಕ್ಕೆ ಮೇಲ್ಪಟ್ಟು ದೂರದ ಬೆಂಗಳೂರಿಗೆ ಹೋಗಬೇಕು. ಮಂಗಳೂರಿಗೆ ಇಳಿಯೋಣವೆಂದರೆ ಶಿರಾಡಿ ಘಾಟಿಯು 2018ರಲ್ಲಿಯೂ 2024ರಲ್ಲಿಯೂ ಮಳೆಗಾಲದಲ್ಲಿ ಕುಸಿದು ದಾರಿ ಕಟ್ಟಿತು. ಇಷ್ಟು ದೂರದವರಿಗೆ ತಡವಾಗಿ ತಿಳಿಯುವುದೆಂದರೆ ತಿಳಿಯದಿದ್ದಂತೆಯೇ ಅಲ್ಲವೇ?

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಸಣ್ಣದು. ಆಶಾ ಕಾರ್ಯಕರ್ತೆಯರು ಹೆರಿಗೆಯಾದ ನಲವತ್ತೆರಡು ದಿನಗಳೊಳಗೆ ಹಲವು ಸಲ ಮನೆಗೆ ಹೋಗುವರು. ಲಸಿಕೆಗಾಗಿ ಕೂಸು ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿಯೂ ಒಂಬತ್ತನೆಯ ತಿಂಗಳಿನಲ್ಲಿಯೂ ಬರುವುದು. ಆ ಪ್ರತಿಯೊಂದು ಸಂದರ್ಭದಲ್ಲಿಯೂ ತಲೆಯನ್ನಳೆದು ತಾಯಿಕಾರ್ಡಿನಲ್ಲಿ ಅಂಕಿ ಬರೆಯಲಿ. ಅಂಕಿ ಜಿಗಿದ ಕೂಸಿಗೆ ಅದೇ ವಾರ ನೆತ್ತಿಯ ಸ್ಕ್ಯಾನಿಂಗು ದೊರೆಯುವಂತೆ ತಾಲ್ಲೂಕು ಆಸ್ಪತ್ರೆಯಲ್ಲಿ ಏರ್ಪಾಡಾಗಲಿ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟೆಂದು ಲೈನುಮನೆಗಳಿಗೆ ಯಾರಾದರೂ ಹೋಗಿ ತಿಳಿಸಲಿ. ತೋಟದ ಮಾಲೀಕರು, ಕೂಸಿನ ಕಾಯಿಲೆಗಾಗಿ ಹೋದ ದಿನಗಳ ಕೂಲಿಯನ್ನು ಮುರಿಯದಿರಲಿ.

ಅಜ್ಜಿಯ ಅಂಗೈ ದಿನವೂ ನೆತ್ತಿಯನ್ನು ಮುಟ್ಟುತ್ತಿದೆ. ಇನ್ನು ಮೇಲೆ ಬಚ್ಚಲಮನೆಯ ಗೂಟದಲ್ಲಿ ಒಂದು ಟೇಪೂ ತೂಗಾಡಲಿ. ಅಷ್ಟರಿಂದ ಈ ಬೆಟ್ಟಗಳಲ್ಲಿ ಒಂದೇ ಒಂದು ಕೂಸು ಸಕಾಲಕ್ಕೆ ಬೆಂಗಳೂರನ್ನು ಮುಟ್ಟಿದರೂ ಈ ಲೇಖನ ಸಾರ್ಥಕವಾಯಿತೆಂದು ಭಾವಿಸುವೆವು.