ಮೂಲೆಯಲ್ಲಿ ಕುಳಿತ ‘ನುಡಿ’ ವೈರಸ್ ಅಲ್ಲ

“ಕಂಪ್ಯೂಟರ್ ಭಾಳ ಸ್ಲೋ ಆಗ್ಯಾದ್ರೀ. ಮೂಲ್ಯಾಗ ಏನೇನೋ ಕುಂತಾವ, ಎಲ್ಲಾ ತಗದು ಹಾಕ್ರಿ.” ಕಲಬುರಗಿಯ ಟೈಪಿಂಗ್ ಅಂಗಡಿಗಳಲ್ಲಿ ಇಂಥ ಮಾತು ಈಗಲೂ ಕಿವಿಗೆ ಬೀಳುತ್ತದೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಸಾಲಾಗಿ ಕಾಣುವ ಪುಟ್ಟ ಚಿತ್ರಗಳ ಮೇಲೆ ಜನರಿಗೆ ಭಾರೀ ಅನುಮಾನ. ಅವುಗಳಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯೂ ಒಂದು. ಅದನ್ನು ಮುಚ್ಚಿದ ಮರುಗಳಿಗೆಯೇ ಕೀಲಿ ಒತ್ತಿದರೆ ಬರೀ ಇಂಗ್ಲಿಷ್. ಆಮೇಲೆ “ಕನ್ನಡ ಹೋಯ್ತು” ಎಂಬ ಹೊಸ ತಕರಾರು.

ಹೀಗೆ ಮೆಮೊರಿಯಲ್ಲಿ ಕುಳಿತು, ಕರೆದಾಗ ಮಾತ್ರ ಎದ್ದು ಬರುವ ತಂತ್ರಾಂಶಗಳ ವಂಶ 1980ರ ದಶಕದ್ದು, ಡಾಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಕಾಲದ್ದು. ಆಗ ಅವನ್ನು ಟಿಎಸ್ಆರ್ ಎನ್ನುತ್ತಿದ್ದರು. ಆ ಹೆಸರು ಮರೆತುಹೋಗಿದೆ, ಅವುಗಳ ಸುತ್ತ ಬೆಳೆದ ನಂಬಿಕೆಗಳು ಮಾತ್ರ ಉಳಿದಿವೆ.

ನಂಬಿಕೆ: ಟಿಎಸ್ಆರ್ ಇದ್ದರೆ ಡಾಸ್‌ನಲ್ಲೂ ಎರಡು ಕೆಲಸ ಒಟ್ಟಿಗೆ ನಡೆಯುತ್ತಿದ್ದವು

ನೋಡುವವರ ಕಣ್ಣಿಗೆ ಹಾಗೇ ಕಾಣುತ್ತಿತ್ತು. 1984ರಲ್ಲಿ ಬೋರ್ಲ್ಯಾಂಡ್ ಕಂಪನಿ ‘ಸೈಡ್‌ಕಿಕ್’ ಎಂಬ ತಂತ್ರಾಂಶ ತಂದಿತು. ವರ್ಡ್‌ಸ್ಟಾರ್‌ನಲ್ಲಿ ಪತ್ರ ಬರೆಯುತ್ತಿರುವಾಗ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದರೆ ಸಾಕು, ಪತ್ರದ ಮೇಲೆಯೇ ಕ್ಯಾಲ್ಕುಲೇಟರ್, ಟಿಪ್ಪಣಿ ಪುಸ್ತಕ, ಕ್ಯಾಲೆಂಡರ್ ತೆರೆದುಕೊಳ್ಳುತ್ತಿದ್ದವು. ಒಂದು ಪ್ರೋಗ್ರಾಂ ಮುಚ್ಚದೆ ಇನ್ನೊಂದನ್ನು ತೆರೆಯಲಾಗದ ಕಾಲದಲ್ಲಿ ಇದು ಜಾದೂ ಅನ್ನಿಸಿದ್ದು ಸಹಜ.

ನಿಜವಾಗಿ ಆ ಹೊತ್ತಿಗೆ ವರ್ಡ್‌ಸ್ಟಾರ್ ಇದ್ದಲ್ಲೇ ನಿಂತಿರುತ್ತಿತ್ತು. ಐಬಿಎಂ ಪಿಸಿಯ ಮೆಮೊರಿಯ ತೀರಾ ಮೊದಲಿಗೆ 1024 ಬೈಟುಗಳ ಒಂದು ಪಟ್ಟಿ ಇದೆ. 256 ವಿಳಾಸಗಳು, ತಲಾ 4 ಬೈಟು. ಕೀಲಿ ಒತ್ತಿದಾಗ, ಗಡಿಯಾರದ ಮಿಡಿತ ಬಂದಾಗ, ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲಿಗೆ ಹೋಗಬೇಕು ಎನ್ನುವುದು ಆ ಪಟ್ಟಿಯಲ್ಲಿರುತ್ತದೆ. ಕೀಲಿಮಣೆಯದು 9ನೆಯ ಸಾಲು. ಟಿಎಸ್ಆರ್ ಮಾಡುತ್ತಿದ್ದುದು ಇಷ್ಟೇ: ಆ ಸಾಲಿನ ಹಳೆಯ ವಿಳಾಸವನ್ನು ತನ್ನಲ್ಲಿ ಬರೆದಿಟ್ಟುಕೊಂಡು, ಅಲ್ಲಿ ತನ್ನ ವಿಳಾಸ ಬರೆದು ಸುಮ್ಮನಾಗುವುದು. ಅಲ್ಲಿಂದಾಚೆ ನೀವು ಒತ್ತಿದ ಪ್ರತಿ ಕೀಲಿಯೂ ಮೊದಲು ಅದರ ಹತ್ತಿರ ಹೋಗುತ್ತದೆ. ತನ್ನ ಕೀಲಿಯಲ್ಲದಿದ್ದರೆ ಹಳೆಯ ವಿಳಾಸಕ್ಕೆ ಸಾಗಿಸುತ್ತದೆ. ತನ್ನದಾದರೆ ಪರದೆಯ ಆ ಭಾಗವನ್ನು ಎತ್ತಿಟ್ಟು ತನ್ನ ಕಿಟಕಿ ತೆರೆಯುತ್ತದೆ.

ಮೂರ್ನಾಲ್ಕು ಟಿಎಸ್ಆರ್ ಸೇರಿದರೆ ಪಜೀತಿ ಶುರು. ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದ ತೊಗರಿ ಚೀಲಗಳಲ್ಲಿ ನಡುವಿನದನ್ನು ಎಳೆದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತಿತ್ತು. ಕೊನೆಗೆ ಬಂದದ್ದು ಮೊದಲು ಹೋಗಬೇಕು. ಕ್ರಮ ತಪ್ಪಿದರೆ ವಿಳಾಸಗಳ ಸರಪಳಿ ತುಂಡಾಗಿ ಯಂತ್ರ ಮರಗಟ್ಟುತ್ತಿತ್ತು. “ಟಿಎಸ್ಆರ್ ಹಾಕಿದರೆ ಕಂಪ್ಯೂಟರ್ ಕೆಡುತ್ತದೆ” ಎಂಬ ಮಾತು ಹುಟ್ಟಿದ್ದೇ ಇಲ್ಲಿ. ಕೆಡುತ್ತಿದ್ದದ್ದು ಕಂಪ್ಯೂಟರ್ ಅಲ್ಲ, ಆ ಹೊತ್ತಿನ ಮೆಮೊರಿಯ ವ್ಯವಸ್ಥೆ. ಆರಿಸಿ ಹಾಕಿದರೆ ಎಲ್ಲ ಮೊದಲಿನಂತೆ.

ನಂಬಿಕೆ: ಸೈಡ್‌ಕಿಕ್ಕೇ ಮೊದಲನೆಯದು

ಅಲ್ಲ. 1983ರಲ್ಲಿ ಬಂದ ಡಾಸ್ 2.0ರ ಪ್ರಿಂಟ್ ಆದೇಶವೇ ಮೆಮೊರಿಯಲ್ಲಿ ಉಳಿದು, ನೀವು ಬೇರೆ ಕೆಲಸ ಮಾಡುತ್ತಿರುವಾಗ ನಡುನಡುವೆ ಮುದ್ರಣ ಸಾಗಿಸುತ್ತಿತ್ತು. ಸೈಡ್‌ಕಿಕ್ ಈ ವಿದ್ಯೆಗೆ ಮಾರುಕಟ್ಟೆ ತೋರಿಸಿಕೊಟ್ಟಿತು.

ನಂಬಿಕೆ: ಒಮ್ಮೆ ಕುಳಿತರೆ ಏಳುವುದಿಲ್ಲ, ಅದು ವೈರಸ್ಸೇ

ಕರೆಂಟು ಹೋದರೆ ಟಿಎಸ್ಆರ್ ಕೂಡ ಹೋಗುತ್ತಿತ್ತು. ನಮ್ಮ ಕಡೆಯ ಬೇಸಿಗೆಯಲ್ಲಿ ಅದು ದಿನಕ್ಕೆಷ್ಟು ಸಲ ಎದ್ದು ಹೋಗುತ್ತಿತ್ತೋ! ಮತ್ತೆ ಬರುತ್ತಿದ್ದುದು ಆಟೋಎಕ್ಸೆಕ್ ಎಂಬ ಕಡತದಲ್ಲಿ ಅದರ ಹೆಸರು ಬರೆದಿಟ್ಟ ಕಾರಣಕ್ಕೆ. ಆ ಸಾಲು ಅಳಿಸಿದರೆ ಮುಗಿಯಿತು.

ವೈರಸ್ ಭಯಕ್ಕೆ ಮಾತ್ರ ಆಧಾರವಿತ್ತು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಮೆಮೊರಿಯಲ್ಲಿ ಕುಳಿತೇ ಫ್ಲಾಪಿಯಿಂದ ಫ್ಲಾಪಿಗೆ ಹರಡಿತು. 1987ರ ‘ಜೆರುಸಲೆಮ್’ ಕೂಡ ಮೆಮೊರಿಯಲ್ಲೇ ಬೀಡುಬಿಡುವ ಜಾತಿ. ಆದರೆ 1993ರ ಎಂಎಸ್-ಡಾಸ್ 6ರ ಜೊತೆ ಬಂದ ‘ವಿಸೇಫ್’ ಎಂಬ ವೈರಸ್ ಕಾವಲುಗಾರನೂ ಟಿಎಸ್ಆರ್ ಆಗಿತ್ತು! ಕಳ್ಳ, ಪೊಲೀಸ್ ಇಬ್ಬರಿಗೂ ಒಂದೇ ವಿದ್ಯೆ. ಹಾಗಾಗಿ ಮೆಮೊರಿಯಲ್ಲಿ ಕೂರುವುದೇ ಅಪರಾಧವಲ್ಲ, ಕುಳಿತವರು ಯಾರು ಅನ್ನುವುದನ್ನು ನೋಡಬೇಕು.

ನಂಬಿಕೆ: ಹೆಚ್ಚು ಮೆಮೊರಿ ಹಾಕಿಸಿದ್ದರೆ ಸಾಕಿತ್ತು

4 ಎಂಬಿ ಚಿಪ್ ಹಾಕಿಸಿದವರೂ “ಮೆಮೊರಿ ಸಾಲದು” ಎಂಬ ಸಂದೇಶ ನೋಡಿದ್ದಾರೆ. 8088 ಪ್ರೊಸೆಸರಿಗೆ 20 ವಿಳಾಸ ತಂತಿಗಳು, ಅಂದರೆ ಒಟ್ಟು 1 ಎಂಬಿ. ಅದರಲ್ಲಿ ಮೇಲಿನ 384 ಕೆಬಿಯನ್ನು ಐಬಿಎಂ ಪರದೆ, ಬಯಾಸ್ ಮುಂತಾದವುಗಳಿಗೆ ಮೀಸಲಿಟ್ಟಿತು. ಉಳಿದ 640 ಕೆಬಿಯಲ್ಲಿ ಡಾಸ್, ಮೌಸ್ ಚಾಲಕ, ಟಿಎಸ್ಆರ್‌ಗಳು, ನಿಮ್ಮ ಕೆಲಸ ಎಲ್ಲವೂ ತೂರಬೇಕು. ಮುಂದೆ ಬಂದ ಪ್ರೊಸೆಸರುಗಳು 1 ಎಂಬಿಯಾಚೆಗೂ ಮುಟ್ಟಬಲ್ಲವಾಗಿದ್ದವು, ಡಾಸ್ ಮಾತ್ರ ಹಳೆಯ ಬೇಲಿಯೊಳಗೇ ಉಳಿಯಿತು. 1991ರ ಡಾಸ್ 5ರಲ್ಲಿ ಬಂದ ಲೋಡ್‌ಹೈ ಆದೇಶ ಟಿಎಸ್ಆರ್‌ಗಳಲ್ಲಿ ಕೆಲವನ್ನು ಮೇಲಿನ ಖಾಲಿ ಜಾಗಕ್ಕೆ ಸಾಗಿಸಿ ಒಂದಿಷ್ಟು ಉಸಿರು ಕೊಟ್ಟಿತು. “640 ಕೆಬಿ ಎಲ್ಲರಿಗೂ ಸಾಕು” ಎಂದು ಬಿಲ್ ಗೇಟ್ಸ್ ಹೇಳಿದರೆಂಬ ಮಾತಿಗೆ ಪುರಾವೆ ಸಿಕ್ಕಿಲ್ಲ, ಅವರೂ ಅದನ್ನು ಅಲ್ಲಗಳೆದಿದ್ದಾರೆ.

ನಂಬಿಕೆ: ವಿಂಡೋಸ್ ಬಂದ ಮೇಲೇ ಕನ್ನಡ ಬಂತು

ಡಾಸ್‌ನ ಪರದೆಗೆ ಗೊತ್ತಿದ್ದದ್ದು 256 ಚಿಹ್ನೆಗಳು, ಎಲ್ಲವೂ ಒಂದೇ ಅಳತೆಯ ಪುಟ್ಟ ಚೌಕದೊಳಗೆ. ಒತ್ತಕ್ಷರ, ಗುಣಿತಗಳ ಕನ್ನಡ ಅದರಲ್ಲಿ ಹಿಡಿಸುವುದಿಲ್ಲ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡು ಇದಕ್ಕೆ ಯಂತ್ರದ ದಾರಿ ಹುಡುಕಿತು. ಕಂಪ್ಯೂಟರಿನೊಳಗೆ ಈ ಕಾರ್ಡು ಸಿಕ್ಕಿಸಿದರೆ ಇಂಗ್ಲಿಷಿಗೆಂದೇ ಬರೆದ ಡಾಸ್ ತಂತ್ರಾಂಶಗಳಲ್ಲೂ ಕನ್ನಡ ಮೂಡುತ್ತಿತ್ತು. ಕಿನ್ನಿಕಂಬಳ ಪದ್ಮನಾಭ ರಾವ್ ಅವರ ‘ಸೇಡಿಯಾಪು’ ತಂತ್ರಾಂಶ ಕೂಡ ಡಾಸ್ ಕಾಲದ್ದೇ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅದನ್ನು ಅವರು ಉಚಿತವಾಗಿ ಹಂಚಿದರು. ರಾವ್ ಅವರು ರೂಪಿಸಿದ ಕೀಲಿವಿನ್ಯಾಸದ ಜಾಡಿನಲ್ಲೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಡೆಯಿತು. ಕಚೇರಿಗಳಲ್ಲಿ ‘ನುಡಿ’ ಬಡಿಯುವ ನಮ್ಮ ಗುಮಾಸ್ತರ ಬೆರಳುಗಳು ಅವರಿಗೆ ಋಣಿ.

‘ನುಡಿ’ ವಿಂಡೋಸಿನ ಕೂಸಾದರೂ ಅದರ ಕಸುಬು ಟಿಎಸ್ಆರ್‌ನದೇ. ‘ಶರಣಸಿರಸಗಿ’ ಎಂಬ ಊರ ಹೆಸರನ್ನು ಟೈಪ್ ಮಾಡಿ ನೋಡಿ. ಶಿಫ್ಟ್ ಹಿಡಿದು ಎಸ್, ಆಮೇಲೆ ಆರ್, ಶಿಫ್ಟ್ ಹಿಡಿದು ಎನ್, ಎಸ್, ಐ, ಆರ್, ಎಸ್, ಜಿ, ಐ. ಒಟ್ಟು 9 ಕೀಲಿ. ನಡುವಿನ ಎಸ್ ಒತ್ತಿದಾಗ ‘ಸ’ ಬಂತು. ಐ ಒತ್ತಿದ ಕೂಡಲೇ ತೆರೆಮರೆಯ ತಂತ್ರಾಂಶ ಆ ‘ಸ’ವನ್ನು ಅಳಿಸಿ ‘ಸಿ’ ಕೂರಿಸುತ್ತದೆ. ಅಂದರೆ ಹಿಂದಿನ ಕೀಲಿ ಯಾವುದು ಎಂಬುದನ್ನು ಅದು ನೆನಪಿಟ್ಟಿರಬೇಕು. ಇಷ್ಟಕ್ಕೆ ಅದು ತಿನ್ನುವ ಮೆಮೊರಿ ಇಂದಿನ ಲೆಕ್ಕದಲ್ಲಿ ಏನೇನೂ ಅಲ್ಲ. ಕಂಪ್ಯೂಟರ್ ನಿಧಾನವಾಗಿದ್ದರೆ ತೆರೆದಿಟ್ಟ ಹತ್ತಾರು ಬ್ರೌಸರ್ ಟ್ಯಾಬ್‌ಗಳನ್ನು, ಯಂತ್ರ ಚಾಲೂ ಆದಾಗ ತಾವಾಗಿಯೇ ಏಳುವ ಬೇಡದ ಪ್ರೋಗ್ರಾಂಗಳನ್ನು ಮೊದಲು ಮುಚ್ಚಿ.

ನಂಬಿಕೆ: ಫೈಲಿಗೆ ವೈರಸ್ ಹತ್ತಿ ಕನ್ನಡ ಕೆಟ್ಟಿದೆ

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡಿರುವ ನಂಬಿಕೆ ಇದು. ಹಳೆಯ ‘ನುಡಿ’ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂದಿದ್ದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಗುರುತು, ಒಂದು ಕ್ಯೂ ಮುಂತಾದವು ಕಾಣುತ್ತವೆ. ಜನ ಹೆದರಿ ಫೈಲ್ ಅಳಿಸಿಬಿಡುತ್ತಾರೆ. ಅದರೊಳಗೆ ಮೊದಲಿನಿಂದಲೂ ಇದ್ದದ್ದು ಆ ಗುರುತುಗಳೇ! ಪೌಂಡಿನ ಜಾಗದಲ್ಲಿ ‘ನ’ಕಾರದ ಚಿತ್ರ ಇಟ್ಟಿರುವುದು ನುಡಿಯ ಫಾಂಟು. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ, ಬರಹಕ್ಕೆ ಏನೂ ಆಗಿರುವುದಿಲ್ಲ.

ಯೂನಿಕೋಡ್‌ನಲ್ಲಿ ಈ ತೊಡಕಿಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ‘ತುಂಗಾ’ ಫಾಂಟು, ಕನ್ನಡ ಕೀಲಿಮಣೆ ಎರಡೂ ಬಂದವು. ‘ನುಡಿ’ಯ ಈಚಿನ ಆವೃತ್ತಿಗಳೂ ಯೂನಿಕೋಡ್ ಬರೆಯುತ್ತವೆ.

ಊರಿನ ಸಂಘದ ನಡಾವಳಿ, ಜಾತ್ರೆಯ ಕರಪತ್ರ, ಶಾಲೆಯ ಹಳೆಯ ಸ್ಮರಣ ಸಂಚಿಕೆ ಇಂಥವು ನಿಮ್ಮ ಕಂಪ್ಯೂಟರಿನಲ್ಲೋ ಅಂಗಡಿಯವರ ಡಿಸ್ಕಿನಲ್ಲೋ ಹೀಗೆ ‘ಕೆಟ್ಟು’ ಬಿದ್ದಿದ್ದರೆ ದಯವಿಟ್ಟು ಅಳಿಸಬೇಡಿ. ನುಡಿ ಫಾಂಟ್ ಹಾಕಿ ತೆರೆಯಿರಿ, ಪರಿವರ್ತಕದಲ್ಲಿ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿ, ಹೊಸ ಹೆಸರಿನಲ್ಲಿ ಉಳಿಸಿಕೊಳ್ಳಿ. ಮೂಲ ಫೈಲೂ ಇರಲಿ.